ಆರ್ಬ್ವಾದ ದ್ರಾಕ್ಷಿತೋಟ ಮತ್ತು ಲೂಯಿ ಪಾಶ್ಚರ್

ಹಾಲಿನ ಪೊಟ್ಟಣದ ಮೇಲಿನ ‘ಪಾಶ್ಚರೀಕೃತ’ ಎಂಬ ಪದವನ್ನು ನಮ್ಮ ಮಕ್ಕಳು ನಿತ್ಯವೂ ಕಾಣುತ್ತಾರೆ. ಆ ವಿಧಾನ ಮೊದಲು ರೂಪುಗೊಂಡದ್ದು ಹಾಲಿಗಾಗಿ ಅಲ್ಲ, ವೈನ್‌ಗಾಗಿ. ತರಗತಿಯಲ್ಲಿ ಇದನ್ನು ನಾವು ಶಿಕ್ಷಕರು ಸಂಕೋಚದಿಂದ ದಾಟಿಬಿಡುತ್ತೇವೆ.

ಲೂಯಿ ಪಾಶ್ಚರ್ ಜನಿಸಿದ್ದು 1822ರ ಡಿಸೆಂಬರ್ 27ರಂದು, ಪೂರ್ವ ಫ್ರಾನ್ಸಿನ ಡೋಲ್ ಪಟ್ಟಣದಲ್ಲಿ. ತಂದೆ ಚರ್ಮ ಹದಮಾಡುವವರು. ಬಾಲಕ ಬೆಳೆದದ್ದು ಜೂರಾ ಬೆಟ್ಟಸಾಲಿನ ತಪ್ಪಲಿನ ಆರ್ಬ್ವಾದಲ್ಲಿ. ಬರ್ಗಂಡಿಗೂ ಸ್ವಿಟ್ಜರ್ಲೆಂಡಿಗೂ ನಡುವಣ ಈ ಸೀಮೆ ದ್ರಾಕ್ಷಿ ಬೆಳೆಗಾರರದು. ಇಲ್ಲಿಯ ಹಳದಿ ವೈನ್ ಮರದ ಪೀಪಾಯಿಯಲ್ಲಿ ಸುಮಾರು ಆರು ವರ್ಷ ಮಾಗುತ್ತದೆ.

1860ರ ವ್ಯಾಪಾರ ಒಪ್ಪಂದದಿಂದ ಇಂಗ್ಲೆಂಡಿನ ಮಾರುಕಟ್ಟೆ ಫ್ರೆಂಚ್ ವೈನ್‌ಗೆ ತೆರೆಯಿತು. ಆದರೆ ದಾರಿಯಲ್ಲೇ ಅದು ಹುಳಿಯಾಗಿ, ಕಹಿಯಾಗಿ ಕೆಡುತ್ತಿತ್ತು. ಬೆಳೆಗಾರನ ವರ್ಷದ ದುಡಿಮೆ ನೀರುಪಾಲಾಗುತ್ತಿತ್ತು. ಕಾರಣ ಹುಡುಕಲು 1863ರಲ್ಲಿ ಚಕ್ರವರ್ತಿ ಮೂರನೆಯ ನೆಪೋಲಿಯನ್ ಪಾಶ್ಚರರನ್ನು ಕೇಳಿಕೊಂಡನು. ಅವರು ಆರ್ಬ್ವಾಕ್ಕೇ ಮರಳಿ, ಹಳೆಯ ಕಾಫಿ ಅಂಗಡಿಯೊಂದರಲ್ಲಿ ಶಿಷ್ಯರೊಡನೆ ಪ್ರಯೋಗಶಾಲೆ ಹೂಡಿದರು. ಉಪಕರಣಗಳನ್ನು ಊರಿನ ಬಡಗಿ, ಕಮ್ಮಾರರೇ ಮಾಡಿಕೊಟ್ಟರು. ಸೂಕ್ಷ್ಮದರ್ಶಕದಲ್ಲಿ ಒಂದೊಂದು ಬಗೆಯ ಕೆಡುಕಿಗೂ ಒಂದೊಂದು ಸೂಕ್ಷ್ಮಜೀವಿ ಕಂಡಿತು. ಬಿರಡೆ ಬಿಗಿದ ಸೀಸೆಯನ್ನು 50ರಿಂದ 60 ಡಿಗ್ರಿ ಸೆಲ್ಸಿಯಸ್‌ವರೆಗೆ ಅಲ್ಪಕಾಲ ಬಿಸಿಮಾಡಿದರೆ ಅವು ಸಾಯುತ್ತಿದ್ದವು. 1865ರಲ್ಲಿ ಈ ವಿಧಾನಕ್ಕೆ ಪೇಟೆಂಟ್ ಪಡೆದು, ಅನಂತರ ಅದನ್ನು ಸರ್ವರ ಬಳಕೆಗೆ ಬಿಟ್ಟರು.

ಅದೇ ಅವರ ಬಾಳಿನ ಕಡುಕಷ್ಟದ ಕಾಲ. ಹಿರಿಯ ಮಗಳು 1859ರಲ್ಲೇ ವಿಷಮಶೀತ ಜ್ವರಕ್ಕೆ ತುತ್ತಾಗಿದ್ದಳು. 1865ರಲ್ಲಿ ತಂದೆ ತೀರಿಕೊಂಡರು. ಕೆಲವೇ ತಿಂಗಳಲ್ಲಿ ಎರಡು ವರ್ಷದ ಕಮೀಲ್ ಅಗಲಿದಳು. ಮರುವರ್ಷ ಹನ್ನೆರಡರ ಸೆಸಿಲ್ ಕೂಡ ವಿಷಮಶೀತ ಜ್ವರದಿಂದಲೇ ಹೋದಳು. ವೈನ್ ಕುರಿತ ಅವರ ಗ್ರಂಥ ಪ್ರಕಟವಾದದ್ದು ಆ 1866ರಲ್ಲಿಯೇ. ಎರಡು ವರ್ಷದ ಬಳಿಕ ಪಾರ್ಶ್ವವಾಯು ಬಡಿದು ಎಡಭಾಗ ಸ್ವಾಧೀನ ತಪ್ಪಿತು. ಕೆಲಸ ನಿಲ್ಲಲಿಲ್ಲ.

1874ರಲ್ಲಿ ಆರ್ಬ್ವಾದ ಬಳಿ ಸಣ್ಣ ದ್ರಾಕ್ಷಿತೋಟ ಕೊಂಡರು. ಸೂಕ್ಷ್ಮಜೀವಿಗಳಿಲ್ಲದೆಯೂ ಹುದುಗುವಿಕೆ ನಡೆದೀತೆಂಬ ವಾದ 1878ರಲ್ಲಿ ಎದ್ದಾಗ, ಕಾಯಿ ಮಾಗುವ ಮೊದಲೇ ಬಳ್ಳಿಗಳ ಮೇಲೆ ಗಾಜಿನ ಮನೆ ಕಟ್ಟಿಸಿ, ಗೊಂಚಲುಗಳಿಗೆ ಹತ್ತಿ ಸುತ್ತಿಸಿದರು. ಅಕ್ಟೋಬರಿನಲ್ಲಿ ಹಿಂಡಿದಾಗ ಹೊರಗಿನ ಹಣ್ಣಿನ ರಸ ಹುದುಗಿತು, ಹತ್ತಿಯೊಳಗಿನದು ಹುದುಗಲಿಲ್ಲ. ಹುದುಗಿಸುವ ಜೀವಿ ಹೊರಗಿನಿಂದ ಬಂದು ಸಿಪ್ಪೆಯ ಮೇಲೆ ಕೂರುತ್ತದೆಂಬುದು ಸ್ಥಿರಪಟ್ಟಿತು. ನನ್ನ ಮಟ್ಟಿಗೆ ಅವರ ಪ್ರಯೋಗಗಳಲ್ಲೆಲ್ಲ ಇದೇ ಸುಂದರ.

1885ರ ರೇಬಿಸ್ ಲಸಿಕೆ ಅವರನ್ನು ಲೋಕವಿಖ್ಯಾತರನ್ನಾಗಿಸಿತು. 1895ರ ಸೆಪ್ಟೆಂಬರ್ 28ರಂದು ಅವರು ಕಣ್ಮುಚ್ಚಿದರು. ಹನ್ನೆರಡು ವರ್ಷಗಳ ಅನಂತರ, 1907ರಲ್ಲಿ, ನಮ್ಮ ನೀಲಗಿರಿಯ ಕೂನೂರಿನಲ್ಲಿ ಅವರ ಹೆಸರಿನ ಸಂಸ್ಥೆ ಆರಂಭವಾಯಿತು.