ತ್ಯಾಗವೀರ ಸಿರಸಂಗಿ ಲಿಂಗರಾಜರು

ಕಳೆದ ವರ್ಷ ಹಿಂಗಾರಿ ಬಿತ್ತಿಗೆಗೆ ಮೊದಲು ನಮ್ಮ ತಂದೆಯವರು ಬೈಲಹೊಂಗಲ ತಾಲೂಕಿನ ಮತ್ತಿಕೊಪ್ಪಕ್ಕೆ ಹೋಗಿ ಬಂದರು. ಅಲ್ಲಿ ಕೆ. ಎಲ್. ಇ. ಸಂಸ್ಥೆಯವರು ನಡೆಸುವ ಕೃಷಿ ವಿಜ್ಞಾನ ಕೇಂದ್ರವಿದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಕಡೆಯ ಒಕ್ಕಲುಮಕ್ಕಳು ಬೀಜ, ಗೊಬ್ಬರ, ಬೆಳೆಯ ರೋಗ, ಹೈನ ಮೊದಲಾದವುಗಳ ವಿಷಯ ತಿಳಿದುಕೊಳ್ಳಲು ಅಲ್ಲಿಗೆ ಹೋಗುತ್ತಾರೆ. ನಮ್ಮ ಹೊಲದಲ್ಲಿ ಎರಡು ವರ್ಷ ಒಂದೇ ಸವನೆ ಕಡಲೆ ನೆಟೆ ಬಿದ್ದು ಒಣಗಿತ್ತು. ಆ ಸಲುವಾಗಿ ತಂದೆಯವರು ಹೋಗಿದ್ದರು. ಸಂಜೆ ಬಸ್ಸಿಳಿದು ಬಂದವರು ಕೈಯಲ್ಲೊಂದು ಅಚ್ಚಾದ ಹಾಳೆ ಹಿಡಿದುಕೊಂಡು, ದವಾಖಾನೆ ಕಾಲೇಜುಗಳನ್ನು ಕಟ್ಟಿದ ಸಂಸ್ಥೆಯವರಿಗೆ ನಮ್ಮ ಕಡಲೆಯ ಗೊಡವೆ ಏಕೆ ಬಂದಿತೆಂದು ನನ್ನನ್ನು ಕೇಳಿದರು. ಕಾಲೇಜು ಕಲಿಯುವ ಮಗನಿಗೆ ಇಷ್ಟೂ ತಿಳಿಯದಿದ್ದರೆ ಹೇಗೆ? ನನಗಂತೂ ತಿಳಿದಿರಲಿಲ್ಲ. ಅದನ್ನು ಹುಡುಕುತ್ತ ಹೊರಟವನು ನಮ್ಮ ತಾಲೂಕಿನವರೇ ಆದ ಸಿರಸಂಗಿಯ ಲಿಂಗರಾಜ ದೇಸಾಯರ ಬಳಿಗೆ ಬಂದು ಮುಟ್ಟಿದೆ.

ಅವರ ಹೆಸರನ್ನು ಕೇಳದವರು ನಮ್ಮ ಕಡೆಗೆ ಯಾರೂ ಇಲ್ಲ. ಜನವರಿ 10ರಂದು ಅವರ ಭಾವಚಿತ್ರಕ್ಕೆ ಮಾಲೆ ಹಾಕುತ್ತೇವೆ, ಭಾಷಣಗಳಾಗುತ್ತವೆ, ಮರುದಿನ ಮರೆಯುತ್ತೇವೆ. ಸವದತ್ತಿ ತಾಲೂಕಿನ ಸಿರಸಂಗಿಗೆ ನಾನು ಚಿಕ್ಕಂದಿನಿಂದಲೂ ಕಾಳಮ್ಮನ ದರ್ಶನಕ್ಕೆ ಹೋಗಿದ್ದೇನೆ. ದೇಸಾಯರ ವಾಡೆಯನ್ನು ಮಾತ್ರ ದೂರದಿಂದಲೇ ನೋಡಿ ಬಂದಿದ್ದೆ.

ಲಿಂಗರಾಜರು ಹುಟ್ಟಿದ್ದು ಸಿರಸಂಗಿಯಲ್ಲಲ್ಲ. ಈಗಿನ ಗದಗ ಜಿಲ್ಲೆಯ ಶಿಗ್ಲಿಯಲ್ಲಿ, 1861ರ ಜನವರಿ 10ರಂದು. ಹುಟ್ಟಿದ ಮನೆಯಲ್ಲಿ ಇಟ್ಟ ಹೆಸರು ರಾಮಪ್ಪ. ಬಾಲ್ಯದಲ್ಲಿಯೇ ಸಿರಸಂಗಿಯ ಜಾಯಪ್ಪ ದೇಸಾಯರ ಮನೆತನಕ್ಕೆ ದತ್ತಕ ಬಂದು ಲಿಂಗರಾಜರಾದರು. ನವಲಗುಂದ ಮತ್ತು ಸಿರಸಂಗಿಗಳ ದೇಸಗತಿ ಹೀಗೆ ಅವರ ಪಾಲಿಗೆ ಬಂದಿತು.

ದತ್ತಕವೆಂಬುದು ನಮ್ಮ ಈ ನಾಲ್ಕು ತಾಲೂಕುಗಳಲ್ಲಿ ಸಾಮಾನ್ಯ ಮಾತಲ್ಲ. 1824ರಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರ ಸರ್ಜರು ತೀರಿಕೊಂಡಾಗ ಅವರ ದತ್ತಪುತ್ರನನ್ನು ಕಂಪನಿ ಸರಕಾರ ಒಪ್ಪಲಿಲ್ಲ. ಅದರಿಂದ ಹುಟ್ಟಿದ ಯುದ್ಧದಲ್ಲಿ ಥ್ಯಾಕರೆ ಸತ್ತ. ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಕಣ್ಣು ಮುಚ್ಚಿದಳು. ನರಗುಂದದ ಬಾಬಾಸಾಹೇಬರಿಗೂ ದತ್ತಕದ ಅಪ್ಪಣೆ ಸಿಗಲಿಲ್ಲ. 1858ರಲ್ಲಿ ಅವರು ಬಂಡೆದ್ದರು, ರಾಮದುರ್ಗ ಸೀಮೆಯ ಸುರೇಬಾನದಲ್ಲಿ ಮ್ಯಾನ್ಸನ್ನನ ತಲೆ ಉರುಳಿತು, ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಇದಾಗಿ ಮೂರು ವರ್ಷ ತುಂಬುವ ಮೊದಲೇ ಲಿಂಗರಾಜರು ಹುಟ್ಟಿದರು. ಮನೆತನ ಮುಂದುವರಿಯಬೇಕು, ಆಸ್ತಿ ಮನೆಯಲ್ಲಿಯೇ ಉಳಿಯಬೇಕು ಎಂಬ ಹಂಬಲಕ್ಕಾಗಿ ಪ್ರಾಣಗಳನ್ನೇ ತೆತ್ತಿದ್ದ ನೆಲವಿದು. ಲಿಂಗರಾಜರು ಕೊನೆಗೆ ಮಾಡಿದ ಕೆಲಸವನ್ನು ಈ ನೆನಪಿನ ಎದುರಿನಲ್ಲಿಟ್ಟು ನೋಡಿದರೇನೇ ಅದರ ತೂಕ ತಿಳಿಯುತ್ತದೆ.

ದೇಸಾಯರೆಂದರೆ ಹಿಂದಿನ ಕಾಲದಲ್ಲಿ ಸೀಮೆಯ ಕಂದಾಯ ಕೂಡಿಸಿ ಕೊಡುವವರು, ಪಾಳು ಬಿದ್ದ ನೆಲವನ್ನು ಸಾಗುವಳಿಗೆ ತರಿಸುವವರು. ಅದಕ್ಕೆ ಪ್ರತಿಯಾಗಿ ಅವರಿಗೆ ವತನದ ಜಮೀನು. ಇಂಗ್ಲಿಷರ ಆಳಿಕೆ ನೆಲೆಗೊಂಡ ಮೇಲೆ ಕಂದಾಯ ವಸೂಲಿಯ ಕೆಲಸ ಮಾಮಲೇದಾರ ಕಚೇರಿಗೆ ಹೋಯಿತು. ದೇಸಾಯರ ಚಾಕರಿ ನಿಂತಿತು, ಜಮೀನು ಉಳಿಯಿತು. ಕೆಲಸವಿಲ್ಲದ ಸಂಪತ್ತು ಮನುಷ್ಯನನ್ನು ಏನು ಮಾಡುತ್ತದೆಂಬುದಕ್ಕೆ ನಮ್ಮ ಭಾಗದ ಹಾಳು ವಾಡೆಗಳೇ ಸಾಕ್ಷಿ. ಲಿಂಗರಾಜರು ಆ ದಾರಿ ತುಳಿಯಲಿಲ್ಲ.

ಅವರು ಕಂಡ ಕಾಲವಾದರೂ ಎಂಥದು! ಅವರು ಹುಟ್ಟಿದ ವರ್ಷವೇ ದೂರದ ಅಮೇರಿಕೆಯಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಹೋಗುವುದು ನಿಂತು, ಧಾರವಾಡ ಸೀಮೆಯ ಹತ್ತಿಗೆ ಎಂದೂ ಕಾಣದ ಬೆಲೆ ಬಂದಿತು. 1865ರಲ್ಲಿ ಯುದ್ಧ ಮುಗಿದೊಡನೆ ಬೆಲೆ ಇಳಿಯಿತು. ಏರಿದ ಬೆಲೆಯ ಭರವಸೆಯ ಮೇಲೆ ಮಾಡಿದ ಸಾಲ ಮಾತ್ರ ಇಳಿಯುವ ಜಾತಿಯದಲ್ಲ. ಅವರಿಗೆ ಹದಿನೈದು ವರ್ಷವಾದಾಗ 1876ರ ಮಹಾಕ್ಷಾಮ ಬಂದಿತು. ಮಲಪ್ರಭೆ ಸವದತ್ತಿಯ ಮಗ್ಗುಲಲ್ಲಿಯೇ ಹರಿಯುತ್ತಿದ್ದರೂ ಅದರ ನೀರನ್ನು ಹೊಲಕ್ಕೆ ಹತ್ತಿಸುವ ಉಪಾಯವಿರಲಿಲ್ಲ. ನವಿಲುತೀರ್ಥದ ಆಣೆಕಟ್ಟು ಆದದ್ದು ಸುಮಾರು ನೂರು ವರ್ಷಗಳ ನಂತರ. ಮಳೆ ತಪ್ಪಿದರೆ ಎರೆಭೂಮಿ ಬಿರುಕು ಬಿಡುವುದು, ದನಗಳು ಸಾಯುವುದು, ಜನ ಗುಳೆ ಹೋಗುವುದು. ಸರಕಾರ 1883 ಮತ್ತು 1884ರಲ್ಲಿ ತಗಾವಿ ಸಾಲದ ಕಾಯಿದೆಗಳನ್ನು ಮಾಡಿತು. ಆದರೆ ಕಾಗದ ಓದಲಾರದ ರೈತನಿಗೆ ಕಚೇರಿಯ ಮೆಟ್ಟಿಲಿಗಿಂತ ಸಾಹುಕಾರನ ಕಟ್ಟೆಯೇ ಹತ್ತಿರ. 1896 ಮತ್ತು 1899ರಲ್ಲಿ ಮತ್ತೆ ಬರಗಾಲ. ಅದರ ಜೊತೆಗೆ ಪ್ಲೇಗು. ದೇಸಗತಿಯ ಉತ್ಪನ್ನವೆಲ್ಲ ಇಂಥ ರೈತರ ಹೊಲಗಳಿಂದಲೇ ಬರಬೇಕು.

1904ರಲ್ಲಿ ಹಾನಗಲ್ಲ ಕುಮಾರಸ್ವಾಮಿಗಳ ಪ್ರೇರಣೆಯಿಂದ ಧಾರವಾಡದಲ್ಲಿ ವೀರಶೈವ ಮಹಾಸಭೆಯ ಮೊದಲ ಅಧಿವೇಶನ ಸೇರಿದಾಗ ಲಿಂಗರಾಜರೇ ಅಧ್ಯಕ್ಷರು. ತಮ್ಮ ಸಮಾಜ ಒಕ್ಕಲುತನ ವ್ಯಾಪಾರಗಳಲ್ಲಿ ಮುಂದಿದ್ದರೂ ವಿದ್ಯೆಯಲ್ಲಿ ಹಿಂದೆ ಉಳಿದಿದೆಯೆಂಬುದೇ ಆ ಕಾಲದ ಹಿರಿಯರನ್ನು ಕಾಡಿದ ಚಿಂತೆ. ಲಿಂಗರಾಜರ ವಂಶ ಬೆಳೆಸಲು ಸಂತಾನ ಉಳಿಯಲಿಲ್ಲ. ತಾವೇ ದತ್ತಕ ಬಂದವರು. ಇನ್ನೊಂದು ಮಗುವನ್ನು ದತ್ತಕ ತಂದು ವಾಡೆಯ ದೀಪ ಉರಿಸಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಅವರು ಹಾಗೆ ಮಾಡದೆ, ತಮ್ಮ ಆಸ್ತಿಯೆಲ್ಲ ಸಮಾಜದ ಬಡ ವಿದ್ಯಾರ್ಥಿಗಳ ಶಿಕ್ಷಣಕ್ಕೆ ಸಲ್ಲುವಂತೆ ಮೃತ್ಯುಪತ್ರ ಬರೆದಿಟ್ಟು 1906ರಲ್ಲಿ ತೀರಿಕೊಂಡರು. ಆಗ ಅವರಿಗೆ ಕೇವಲ 45 ವರ್ಷ. ನವಲಗುಂದ-ಸಿರಸಂಗಿ ಟ್ರಸ್ಟು ಹುಟ್ಟಿದ್ದು ಹೀಗೆ. ಅದರ ವಿದ್ಯಾರ್ಥಿವೇತನದ ಬಲದಿಂದ ಓದಿದ ಹಳ್ಳಿಯ ಹುಡುಗರು ಅನೇಕ. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಕೆ. ಎಲ್. ಇ. ಸಂಸ್ಥೆಯನ್ನು ಕಟ್ಟಿದರು, 1933ರಲ್ಲಿ ಅದು ತೆರೆದ ಕಾಲೇಜು ಮುಂದೆ ಲಿಂಗರಾಜರ ಹೆಸರನ್ನು ಧರಿಸಿತು.

ಇಷ್ಟನ್ನು ನಮ್ಮ ಭಾಷಣಕಾರರೂ ಹೇಳುತ್ತಾರೆ. ನನ್ನನ್ನು ಕಾಡಿದ ಮಾತು ಬೇರೆ. ಹೊಲದಿಂದ ಹುಟ್ಟಿದ ಹಣ ಶಾಲೆಗೆ ಹೋಯಿತು. ಶಾಲೆ ಒಕ್ಕಲಿಗರ ಮಕ್ಕಳನ್ನು ವಕೀಲರನ್ನಾಗಿ, ಮಾಸ್ತರರನ್ನಾಗಿ, ಅಧಿಕಾರಿಗಳನ್ನಾಗಿ ಮಾಡಿತು. ಆದರೆ ಅವರಲ್ಲಿ ಎಷ್ಟು ಜನ ಹೊಲಕ್ಕೆ ತಿರುಗಿ ಬಂದರು? ಇದು ಲಿಂಗರಾಜರ ತಪ್ಪಲ್ಲವೆಂದು ನನ್ನ ಎಣಿಕೆ. ಒಕ್ಕಲುತನವನ್ನು ಕಲಿಯಬೇಕೆಂದರೂ ಆಗ ನಮ್ಮ ಭಾಗದಲ್ಲಿ ಕಲಿಸುವವರೆಲ್ಲಿದ್ದರು? ಧಾರವಾಡದಲ್ಲಿ ಕೃಷಿ ಕಾಲೇಜು ಆದದ್ದು 1947ರಲ್ಲಿ. ಮೃತ್ಯುಪತ್ರದ ನೆರವು ಒಂದು ಸಮಾಜದ ಮಕ್ಕಳಿಗಷ್ಟೇ ಮೀಸಲಾಯಿತಲ್ಲ ಎಂದು ಇಂದು ನಮಗೆ ಅನಿಸಿದರೆ ಅದೂ ಸಹಜವೇ. ಆ ಕಾಲದ ದಾನಗಳು ಬಹುಮಟ್ಟಿಗೆ ಹಾಗೆಯೇ ಇದ್ದವು.

ಅದೇ ದಿನಗಳಲ್ಲಿ ಇನ್ನೊಬ್ಬರು ಬೇರೆ ದಾರಿ ಹಿಡಿದರು. ಗದಗ ತಾಲೂಕಿನ ಕಣಗಿನಹಾಳದ ಸಿದ್ಧನಗೌಡ ಪಾಟೀಲರು 1905ರಲ್ಲಿ, ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂದ ಮರುವರ್ಷವೇ, ತಮ್ಮೂರಿನಲ್ಲಿ ಸಂಘ ಸ್ಥಾಪಿಸಿದರು. ಅವರು ಊರ ಗೌಡರು, ಇವರು ದೇಸಾಯರು. ಒಬ್ಬರು ರೈತನನ್ನು ಸಾಹುಕಾರನ ಕಟ್ಟೆಯಿಂದ ಬಿಡಿಸಲು ಹೊರಟರು, ಇನ್ನೊಬ್ಬರು ರೈತನ ಮಗನಿಗೆ ಅಕ್ಷರ ಕೊಟ್ಟರು. ಯಾರು ಹೆಚ್ಚು ಎಂದು ತೂಗುವ ತಕ್ಕಡಿ ನನ್ನಲ್ಲಿಲ್ಲ. ಒಂದನ್ನು ಮಾತ್ರ ನಮ್ಮ ಮನೆಯಲ್ಲಿಯೇ ಕಂಡಿದ್ದೇನೆ: ಸೊಸಾಯಿಟಿಯ ಸಾಲದಿಂದ ಬೀಜ ಬಂದಿತು, ಆದರೆ ಆ ಬೀಜ ನೆಟೆ ಬಿದ್ದಾಗ ಸಾಲ ಏನೂ ಮಾಡಲಾರದೆ ನಿಂತಿತು.

ಮತ್ತಿಕೊಪ್ಪದ ಕೇಂದ್ರಕ್ಕೆ ದುಡ್ಡು ಲಿಂಗರಾಜರ ಭಂಡಾರದಿಂದ ಬರುತ್ತದೆಂದು ನಾನು ಹೇಳುತ್ತಿಲ್ಲ. ಇಂಥ ಕೇಂದ್ರಗಳು ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ನೆರವಿನಿಂದ ನಡೆಯುತ್ತವೆ. ದೇಶದ ಮೊದಲನೆಯದು 1974ರಲ್ಲಿ ಪುದುಚೇರಿಯಲ್ಲಿ ಆಯಿತು. ಆದರೂ ಶಾಲೆ ಕಾಲೇಜುಗಳಿಗಾಗಿ ಹುಟ್ಟಿದ ಒಂದು ಸಂಸ್ಥೆ, ಲಿಂಗರಾಜರ ಹೆಸರಿನ ಕಾಲೇಜನ್ನು ನಡೆಸುವ ಸಂಸ್ಥೆ, ಹೊಲದ ಬದುವಿಗೆ ಬಂದು ನಿಂತಿದೆ. ಅಲ್ಲಿ ಯಾವ ಜಾತಿಯ ರೈತನಿಗೂ ಬಾಗಿಲು ತೆರೆದಿದೆ. ತಂದೆಯವರ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಇಷ್ಟೇ.

ಅವರು ತಂದ ಹಾಳೆಯನ್ನು ನಾನೇ ಓದಿ ಹೇಳಬೇಕಾಯಿತು. ಅವರ ಓದು ನಾಲ್ಕನೆಯ ಇಯತ್ತೆಗೆ ನಿಂತಿದೆ. ಒಂದು ಕಿಲೋ ಕಡಲೆ ಬೀಜಕ್ಕೆ ನಾಲ್ಕು ಗ್ರಾಂ ಟ್ರೈಕೋಡರ್ಮಾ ಪುಡಿ ಹಚ್ಚಿ, ನೆರಳಲ್ಲಿ ಆರಿಸಿ ಬಿತ್ತಬೇಕು. ಹಿಂದಿನ ವರ್ಷ ಕಡಲೆ ಒಣಗಿದ ಹೊಲದಲ್ಲಿ ಮತ್ತೆ ಕಡಲೆ ಬೇಡ, ಬಿಳಿಜೋಳ ಹಾಕಬೇಕು. ಒಂದು ತಿಂಗಳಿಗೆ ಕುಡಿ ಚಿವುಟಿದರೆ ಟಿಸಿಲು ಹೆಚ್ಚು. ಈ ಕೊನೆಯ ಮಾತಿಗೆ ನಮ್ಮ ಅವ್ವ ನಕ್ಕುಬಿಟ್ಟಳು. ಹುಳಿ ಹುಳಿ ಕಡಲೆ ಕುಡಿಯನ್ನು ಪಲ್ಯಕ್ಕಾಗಿ ಚಿವುಟುವುದನ್ನು ಅವಳಿಗೆ ಯಾವ ಕೇಂದ್ರವೂ ಕಲಿಸಬೇಕಾಗಿರಲಿಲ್ಲ.

ನಾನು ಕಾಲೇಜು ಸೇರಿದಂದಿನಿಂದ ತಂದೆಯವರು ನನ್ನನ್ನು ಕೂರಿಗೆಯ ಹತ್ತಿರ ಬಿಟ್ಟುಕೊಂಡವರಲ್ಲ. ನೌಕರಿಗೆ ಹೋಗುವವನ ಕೈ ಒರಟಾಗಬಾರದೆಂದು ಅವರ ಹಟ. ಆ ಸಲ ಮಾತ್ರ ಬೀಜಕ್ಕೆ ಪುಡಿ ಹಚ್ಚುವಾಗ ತಕ್ಕಡಿ ಹಿಡಿಯಲು ಕರೆದರು. ಮತ್ತಿಕೊಪ್ಪದಲ್ಲಿ ಹಳ್ಳಿಯ ತರುಣರಿಗೂ ತರಬೇತಿಯಿದೆಯಂತೆ. ಪರೀಕ್ಷೆ ಮುಗಿದ ಮೇಲೆ ಇಬ್ಬರೂ ಕೂಡಿ ಹೋಗಿಬರೋಣವೆಂದು ತಾವಾಗಿಯೇ ಹೇಳಿದ್ದಾರೆ. ಆ ಹಾಳೆ ನಮ್ಮ ಪಡಸಾಲೆಯ ಮಾಡದಲ್ಲಿ ಜೋಪಾನವಾಗಿದೆ.