ಡಾ. ಯಲ್ಲಾಪ್ರಗಡ ಸುಬ್ಬರಾವ್: ಮಾತ್ರೆಯ ಹಿಂದಿನ ಬದುಕು

ಸೂಪರ್ ಮಾರ್ಕೆಟ್‌ನ ಔಷಧಿ ಅಂಗಡಿಯಲ್ಲಾಗಲಿ, ಕಮಲಾಪುರದ ಆಸ್ಪತ್ರೆಯಲ್ಲಾಗಲಿ, ಕೈಗೆ ಬಂದ ಮಾತ್ರೆಯ ಹಿಂದೆ ಯಾರ ದುಡಿಮೆ ಇದೆ ಎಂದು ನಾವು ಯೋಚಿಸುವುದಿಲ್ಲ. ಅಂಥ ಹಲವು ಮಾತ್ರೆಗಳ ಹಿಂದಿರುವ ಹೆಸರು ಡಾ. ಯಲ್ಲಾಪ್ರಗಡ ಸುಬ್ಬರಾವ್.

ಅವರು 1895ರಲ್ಲಿ ಆಂಧ್ರದ ಭೀಮಾವರಂನ ಬಡ ಕುಟುಂಬದಲ್ಲಿ ಹುಟ್ಟಿದರು. ಮೆಟ್ರಿಕ್‌ನಲ್ಲಿ ಎರಡು ಸಲ ಫೇಲಾಗಿ ಮೂರನೆಯ ಸಲ ಪಾಸಾದರು. ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಖಾದಿ ತೊಟ್ಟದ್ದು ಬ್ರಿಟಿಷ್ ಪ್ರಾಧ್ಯಾಪಕರಿಗೆ ಹಿಡಿಸಲಿಲ್ಲ. ಎಂ.ಬಿ.ಬಿ.ಎಸ್. ಬದಲು ಅದಕ್ಕಿಂತ ಕೆಳಗಿನ ಎಲ್.ಎಂ.ಎಸ್. ಪದವಿ ಸಿಕ್ಕಿತು. ಸ್ಪ್ರೂ ಎಂಬ ಕರುಳಿನ ಕಾಯಿಲೆ ಅವರ ಇಬ್ಬರು ಸಹೋದರರನ್ನು ಕೆಲವೇ ದಿನಗಳ ಅಂತರದಲ್ಲಿ ಬಲಿ ತೆಗೆದುಕೊಂಡಿತು. ಅವರನ್ನೂ ಅದು ಕಾಡಿತು. ಇಂಥ ರೋಗಗಳಿಗೆ ಮದ್ದು ಹುಡುಕುವುದೇ ಅವರ ಗುರಿಯಾಯಿತು.

ಮುಂದೆ ಅಮೆರಿಕಕ್ಕೆ ಹೋದರು. ರಾತ್ರಿ ಆಸ್ಪತ್ರೆಯಲ್ಲಿ ಪೋರ್ಟರ್ ಕೆಲಸ ಮಾಡಿಕೊಂಡು ಹಾರ್ವರ್ಡ್‌ನಲ್ಲಿ ಓದಿದರು. ಅಲ್ಲಿ ಸೈರಸ್ ಫಿಸ್ಕ್ ಜೊತೆ ಮಾಡಿದ ಸಂಶೋಧನೆಯಿಂದ ಸ್ನಾಯುಗಳಲ್ಲಿ ಎ.ಟಿ.ಪಿ. ಇರುವುದು ತಿಳಿಯಿತು. ನಮ್ಮ ಜೀವಶಾಸ್ತ್ರದ ಪಾಠದಲ್ಲಿ ಬರುವುದು ಇದೇ ಎ.ಟಿ.ಪಿ. ಆದರೂ ಹಾರ್ವರ್ಡ್‌ನಲ್ಲಿ ಕಾಯಂ ಹುದ್ದೆ ಸಿಗಲಿಲ್ಲ. 1940ರಲ್ಲಿ ಲೆಡರ್ಲಿ ಪ್ರಯೋಗಾಲಯ ಸೇರಿದರು.

ಅಲ್ಲಿ ಅವರ ತಂಡ ಫೋಲಿಕ್ ಆಮ್ಲವನ್ನು ತಯಾರಿಸಿತು. ಸಹೋದರರನ್ನು ಕೊಂದ ಸ್ಪ್ರೂಗೆ ಅದು ಮದ್ದಾಯಿತು. ಆನೆಕಾಲು ರೋಗದ ವಿರುದ್ಧ ನಮ್ಮ ಜಿಲ್ಲೆಯಲ್ಲಿ ಹಂಚುವ ಡಿ.ಇ.ಸಿ. ಮಾತ್ರೆ ಬಂದದ್ದೂ ಅದೇ ಪ್ರಯೋಗಾಲಯದಿಂದ. ಅವರ ಮಾರ್ಗದರ್ಶನದಲ್ಲಿ ಬೆಂಜಮಿನ್ ಡಗ್ಗರ್ ಮಣ್ಣಿನ ಸೂಕ್ಷ್ಮಜೀವಿಯಿಂದ ಆರಿಯೋಮೈಸಿನ್ ಎಂಬ ಆ್ಯಂಟಿಬಯೋಟಿಕ್ ಪಡೆದರು. ಅದು 1948ರಲ್ಲಿ ಲೋಕಕ್ಕೆ ಪರಿಚಯವಾಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ಸುಬ್ಬರಾವ್ ನ್ಯೂಯಾರ್ಕ್‌ನಲ್ಲಿ ತೀರಿಕೊಂಡರು. ತಾಯ್ನಾಡಿಗೆ ಮರಳಿ ಬರಲು ಆಗಲೇ ಇಲ್ಲ.

ಆರಿಯೋಮೈಸಿನ್‌ನ ಅಣುವನ್ನು ಸ್ವಲ್ಪ ಬದಲಿಸಿ ಮುಂದೆ ಟೆಟ್ರಾಸೈಕ್ಲಿನ್ ಮಾಡಲಾಯಿತು. ಹೊಟ್ಟೆ ಹುಣ್ಣಿಗೆ ಬರೀ ಖಾರ, ಚಿಂತೆ ಕಾರಣವೆಂದು ನಂಬಿದ್ದ ಕಾಲದಲ್ಲಿ, ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಅದಕ್ಕೆ ಮುಖ್ಯ ಕಾರಣವೆಂದು ಮಾರ್ಷಲ್ ಮತ್ತು ವಾರೆನ್ ತೋರಿಸಿಕೊಟ್ಟರು. ಅದಕ್ಕಾಗಿ 2005ರಲ್ಲಿ ಅವರಿಗೆ ನೊಬೆಲ್ ಬಂತು. ಈ ಸೋಂಕಿಗೆ ಕೊಡುತ್ತಿದ್ದ ಕ್ಲಾರಿಥ್ರೊಮೈಸಿನ್ ಈಗ ಹಲವು ಕಡೆ ನಾಟುತ್ತಿಲ್ಲ. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ಔಷಧಿಗೆ ಬಗ್ಗದ ಪೈಲೋರಿಯನ್ನು ಹೊಸ ಔಷಧಿ ತುರ್ತಾಗಿ ಬೇಕಾದ ರೋಗಾಣುಗಳ ಪಟ್ಟಿಗೆ ಸೇರಿಸಿತು. ಈಗ ವೈದ್ಯರು ನಂಬುವ ನಾಲ್ಕು ಔಷಧಿಗಳ ಚಿಕಿತ್ಸೆಯಲ್ಲಿ ಟೆಟ್ರಾಸೈಕ್ಲಿನ್ ಕೂಡ ಒಂದು. ಸಾಮಾನ್ಯವಾಗಿ 14 ದಿನ ತೆಗೆದುಕೊಳ್ಳಬೇಕು.

ನಾಲ್ಕನೆಯ ದಿನ ನೋವು ಕಡಿಮೆಯಾಯಿತೆಂದು ಬಿಟ್ಟರೆ ಸಾಯುವುದು ದುರ್ಬಲ ಬ್ಯಾಕ್ಟೀರಿಯಾಗಳು ಮಾತ್ರ. ಗಟ್ಟಿ ಬ್ಯಾಕ್ಟೀರಿಯಾಗಳು ಉಳಿದು ಬೆಳೆಯುತ್ತವೆ, ಮನೆಯವರಿಗೂ ಹರಡಬಹುದು. ಆಗ ಅದೇ ಮಾತ್ರೆ ಅವರಿಗೆ ಕೆಲಸಕ್ಕೆ ಬಾರದೆ ಹೋಗಬಹುದು.

ಆದ್ದರಿಂದ ವಿದ್ಯಾರ್ಥಿಗಳೇ, ವೈದ್ಯರ ಚೀಟಿ ಇಲ್ಲದೆ ಆ್ಯಂಟಿಬಯೋಟಿಕ್ ಕೊಳ್ಳಬೇಡಿ. ಬರೆದುಕೊಟ್ಟದ್ದನ್ನು ಪೂರ್ತಿ ಮುಗಿಸಿ. ಉಳಿದದ್ದನ್ನು ಇನ್ನೊಬ್ಬರಿಗೆ ಕೊಡಬೇಡಿ. ಮನೆಯ ಹಿರಿಯರಿಗೂ ಇದನ್ನು ತಿಳಿಸಿ. ಸುಬ್ಬರಾವ್ ಅವರ ಹೆಸರನ್ನು ನೆನೆಯುವುದಕ್ಕಿಂತ, ಅವರು ಬಿಟ್ಟುಹೋದ ಔಷಧಿಯನ್ನು ಕೆಡಿಸದೆ ಉಳಿಸಿಕೊಳ್ಳುವುದು ದೊಡ್ಡ ಗೌರವ.