ಜಗತ್ತಿನ ಗಡಿಯಾರಗಳು ಯಾರ ಆದೇಶದಿಂದ ಒಂದಾದವು? ಸ್ಯಾಂಡ್‌ಫರ್ಡ್ ಫ್ಲೆಮಿಂಗ್ ಬದುಕು ಹೇಳುವ ಕಥೆ

ಬೀದರಿನಲ್ಲಿರುವ ಮೊಬೈಲೂ ಮಂಗಳೂರಿನಲ್ಲಿರುವ ಮೊಬೈಲೂ ಈಗ ಒಂದೇ ಸಮಯ ತೋರಿಸುತ್ತಿವೆ. ಯಾರೋ ಒಬ್ಬರು ಇದನ್ನು ಕಂಡುಹಿಡಿದರು, ಸರ್ಕಾರಗಳು ಆದೇಶ ಹೊರಡಿಸಿದವು, ಜನ ಪಾಲಿಸಿದರು ಎಂದು ನಮ್ಮಲ್ಲಿ ಹಲವರು ನಂಬಿದ್ದೇವೆ. ನಿಜವಾಗಿ ನಡೆದದ್ದೇನು? ನೋಡೋಣ.

ಫ್ಲೆಮಿಂಗ್ ಹುಟ್ಟಿದ್ದು 1827ರಲ್ಲಿ, ಸ್ಕಾಟ್ಲೆಂಡಿನಲ್ಲಿ. 1845ರಲ್ಲಿ ಕೆನಡಾಕ್ಕೆ ಹೋದರು. ಅಲ್ಲಿನ ಮೊದಲ ಅಂಚೆಚೀಟಿಯನ್ನು ವಿನ್ಯಾಸ ಮಾಡಿದವರು ಅವರೇ. ಆಮೇಲೆ ರೈಲು ಮಾರ್ಗಗಳ ಎಂಜಿನಿಯರ್ ಆಗಿ ಹೆಸರು ಮಾಡಿದರು.

ಆಗ ಪ್ರತಿ ಊರಿಗೂ ಅದರದೇ ಸಮಯ ಇತ್ತು. ಅಲ್ಲಿ ಸೂರ್ಯ ಅತಿ ಎತ್ತರಕ್ಕೆ ಬಂದಾಗ ಅಲ್ಲಿಗೆ ಮಧ್ಯಾಹ್ನ 12. ರೈಲು ಬಂದ ಮೇಲೆ ಇದು ದೊಡ್ಡ ಗೊಂದಲವಾಯಿತು. 1876ರಲ್ಲಿ ಐರ್ಲೆಂಡಿನಲ್ಲಿ ಫ್ಲೆಮಿಂಗ್ ಅವರಿಗೇ ರೈಲು ತಪ್ಪಿತು. ವೇಳಾಪಟ್ಟಿಯಲ್ಲಿ ಬೆಳಗಿನ ಸಮಯ ಸಂಜೆಯದೆಂದು ಅಚ್ಚಾಗಿತ್ತು! ಜಗತ್ತಿಗೆಲ್ಲ ಒಂದೇ 24 ಗಂಟೆಯ ಗಡಿಯಾರ, 24 ಸಮಯ ವಲಯಗಳು ಬೇಕೆಂದು ಅವರು ವರ್ಷಗಟ್ಟಲೆ ಬರೆದರು, ಓಡಾಡಿದರು.

ಇದು ಅವರೊಬ್ಬರದೇ ಯೋಚನೆ ಅಲ್ಲ. ಅಮೆರಿಕದ ಚಾರ್ಲ್ಸ್ ಡೌಡ್ ಎಂಬ ಶಿಕ್ಷಕರು ಮೊದಲೇ ಇಂಥ ಯೋಜನೆ ಕೊಟ್ಟಿದ್ದರು. 1883ರ ನವೆಂಬರ್ 18ರಂದು ಅಮೆರಿಕ ಮತ್ತು ಕೆನಡಾದ ರೈಲು ಕಂಪನಿಗಳು ತಾವಾಗಿಯೇ ಒಪ್ಪಿಕೊಂಡು ಗಡಿಯಾರ ಬದಲಿಸಿದವು. ಊರುಗಳು ರೈಲಿನ ಹಿಂದೆ ಬಂದವು. ಅಮೆರಿಕದಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಕಾನೂನು ಬಂದದ್ದು 1918ರಲ್ಲಿ!

ಸೊನ್ನೆ ರೇಖೆ ಎಲ್ಲಿರಬೇಕು? 1884ರಲ್ಲಿ ವಾಷಿಂಗ್ಟನ್‌ನಲ್ಲಿ 25 ದೇಶಗಳು ಸೇರಿದವು. ಯಾವ ದೇಶಕ್ಕೂ ಸೇರದ, ಪೆಸಿಫಿಕ್ ಸಾಗರದ ರೇಖೆ ಇರಲಿ ಎಂಬುದು ಫ್ಲೆಮಿಂಗ್ ಆಸೆ. ಆದರೆ ಅವರೇ ಮುಂದಿಟ್ಟ ಅಂಕಿಗಳ ಪ್ರಕಾರ, ಟನ್ ಲೆಕ್ಕದಲ್ಲಿ ಜಗತ್ತಿನ ಶೇ. 72ರಷ್ಟು ಹಡಗುಗಳು ಆಗಲೇ ಗ್ರೀನಿಚ್ ರೇಖೆಯನ್ನೇ ಬಳಸುತ್ತಿದ್ದವು. 22 ದೇಶಗಳು ಗ್ರೀನಿಚ್ ಪರ ಮತ ಹಾಕಿದವು. ಫ್ರಾನ್ಸ್ ಮತ ಹಾಕಲಿಲ್ಲ, 1911ರವರೆಗೂ ಪ್ಯಾರಿಸ್ ಸಮಯವನ್ನೇ ಇಟ್ಟುಕೊಂಡಿತು. ನಮ್ಮಲ್ಲೂ 1906ರಲ್ಲಿ ಭಾರತೀಯ ಪ್ರಮಾಣಿತ ಸಮಯ ಬಂದರೂ ಬಾಂಬೆ ತನ್ನ ಸಮಯವನ್ನು 1955ರವರೆಗೆ ಬಿಡಲಿಲ್ಲ.

ಗೇಮ್ ಥಿಯರಿಯಲ್ಲಿ ಇದನ್ನು ‘ಕೋಆರ್ಡಿನೇಷನ್ ಗೇಮ್’ ಎನ್ನುತ್ತಾರೆ. ಯಾವುದನ್ನು ಆರಿಸುತ್ತೇವೆ ಎನ್ನುವುದಕ್ಕಿಂತ ಎಲ್ಲರೂ ಒಂದನ್ನೇ ಆರಿಸುವುದು ಇಲ್ಲಿ ಮುಖ್ಯ. ಹಾಗಾಗಿ ಹೆಚ್ಚು ಜನ ಆಗಲೇ ಇರುವ ಕಡೆಗೇ ಉಳಿದವರೂ ವಾಲುತ್ತಾರೆ. ಫ್ಲೆಮಿಂಗ್ 1915ರಲ್ಲಿ ತೀರಿಕೊಂಡರು. ಅವರು ಬಯಸಿದ ರೇಖೆ ಸಿಗಲಿಲ್ಲ, ಬಯಸಿದ ಒಮ್ಮತ ಸಿಕ್ಕಿತು.

ಒಂದು ಎಚ್ಚರಿಕೆ. ಸೊನ್ನೆ ರೇಖೆ ಎಲ್ಲಿ, ರಸ್ತೆಯ ಯಾವ ಬದಿಯಲ್ಲಿ ಓಡಿಸಬೇಕು ಎಂಬ ವಿಷಯಗಳಲ್ಲಿ ಹೆಚ್ಚು ಜನ ಒಪ್ಪಿದ್ದೇ ಸರಿ. ಒಂದು ಔಷಧ ರೋಗ ವಾಸಿಮಾಡುತ್ತದೆಯೇ ಎಂಬುದು ಹಾಗಲ್ಲ. ಲಕ್ಷ ಜನ ಫಾರ್ವರ್ಡ್ ಮಾಡಿದರೂ ಸುಳ್ಳು ಸುಳ್ಳೇ. ಮುಂದಿನ ಮೆಸೇಜ್ ಕಳಿಸುವ ಮುನ್ನ ಕೇಳಿಕೊಳ್ಳೋಣ: ಇದು ನಾವೆಲ್ಲ ಒಪ್ಪಿದರೆ ಸಾಕಾಗುವ ವಿಷಯವೇ, ಪುರಾವೆ ಬೇಕಾದ ವಿಷಯವೇ?